ಬೋನಾಳ ಕೆರೆಗೆ ಬಿಟ್ಟ ಎರಡು ಮೀನು



ಮೂರು ವಾರಗಳ ಹಿಂದೆ ಒಂದು ಭಾನುವಾರ ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಯಾದಗಿರಿಯಿಂದ ಫೋನ್ ಮಾಡಿದ. ಅವನ ಹೆಸರು ಇಲ್ಲಿ ಬೇಡ. ಅವನ ಪಕ್ಕದಲ್ಲಿ ಕುಳಿತು ಓದಿದವರು ಹೇಗೂ ಗುರುತಿಸುತ್ತಾರೆ. ಉಳಿದವರಿಗೆ ಅದರ ಅಗತ್ಯವಿಲ್ಲ. ಹೋದ ವರ್ಷ ಮಗಳ ಹುಟ್ಟುಹಬ್ಬಕ್ಕೆಂದು ಅವನು ಒಂದು ಗಾಜಿನ ತೊಟ್ಟಿ, ಒಂದು ಡಜನ್ ಬಣ್ಣದ ಮೀನು, ಪ್ಲಾಸ್ಟಿಕ್ಕಿನ ಹಸಿರು ಗಿಡ, ನೀಲಿ ಬಣ್ಣ ಬಳಿದ ಹರಳುಕಲ್ಲು, ಬಾಯಿ ತೆರೆದು ಮುಚ್ಚುವ ಒಂದು ಗೊಂಬೆ, ಇವಿಷ್ಟನ್ನೂ ಕೊಂಡು ತಂದಿದ್ದ. ಅಂಗಡಿಯವನು "ಗಾಜು ತಾವೇ ಸ್ವಚ್ಛ ಮಾಡ್ತಾವ" ಎಂದು ಹೇಳಿ ಬೆರಳುದ್ದದ ಎರಡು ಕಪ್ಪು ಮೀನುಗಳನ್ನೂ ಸೇರಿಸಿ ಕೊಟ್ಟಿದ್ದನಂತೆ. ಹನ್ನೆರಡರಲ್ಲಿ ಹತ್ತು ಮೀನು ಮೊದಲ ತಿಂಗಳಲ್ಲೇ ಸತ್ತವು. ಮತ್ತೆ ತಂದ, ಮತ್ತೆ ಸತ್ತವು. ಕಪ್ಪು ಮೀನುಗಳೆರಡು ಮಾತ್ರ ಸಾಯಲಿಲ್ಲ. ಅವು ಗೇಣುದ್ದ ಬೆಳೆದು, ಹೊರಳಲು ಜಾಗವಿಲ್ಲದೆ ರಾತ್ರಿಯೆಲ್ಲ ಗಾಜಿಗೆ ಬಡಿದುಕೊಳ್ಳತೊಡಗಿದವು. ಕೊನೆಗೆ ಗಂಡ, ಹೆಂಡತಿ, ಮಗಳು ಮೂವರೂ ಸುರಪುರದ ಬಂಧುಗಳ ಮನೆಗೆ ಹೋಗುವಾಗ ಅವನ್ನು ಸ್ಟೀಲಿನ ಬಕೀಟಿನಲ್ಲಿ ಒಯ್ದು ಬೋನಾಳ ಕೆರೆಗೆ ಬಿಟ್ಟು ಬಂದಿದ್ದರು.

"ಸರ್, ಪುಣ್ಯದ ಕೆಲಸ ಮಾಡಿ ಬಂದೀವ್ರಿ. ಮಗಳು ಟಾಟಾ ಮಾಡಿದ್ಲು. ಫೋಟೊ ಕಳಿಸೀನಿ, ನೋಡ್ರಿ."

ನಾನು ಮಾತನಾಡಲಿಲ್ಲ. ನೆಟ್‌ವರ್ಕ್ ಹೋಯಿತೆಂದು ಭಾವಿಸಿ ಅವನು ಎರಡು ಸಲ "ಹಲೋ" ಎಂದ. ಆ ಮೇಲೆ ನಾನು ಏನು ಹೇಳಿದೆನೋ ಅದು ಅವನಿಗೆ ಹಿಡಿಸಲಿಲ್ಲ. ಮೆಚ್ಚುಗೆಯ ಮಾತನ್ನು ನಿರೀಕ್ಷಿಸಿದ್ದವನಿಗೆ ಬೈಗುಳ ಸಿಕ್ಕಿತು. ನಲವತ್ತು ದಾಟಿದ ಶಿಷ್ಯನನ್ನು ಒಂಬತ್ತನೆಯ ತರಗತಿಯ ಹುಡುಗನಂತೆ ಗದರಿಸಿದ್ದು ತಪ್ಪು, ಒಪ್ಪುತ್ತೇನೆ. ಆದರೆ ಗದರಿಸಿದ ವಿಷಯದಲ್ಲಿ ಒಂದಕ್ಷರವನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಇದೇ ಕೆಲಸವನ್ನು ನನ್ನ ಬಂಧುಗಳಲ್ಲೇ ಇಬ್ಬರು ಮಾಡಿದ್ದಾರೆ, ಒಬ್ಬರು ತೋಟದ ಬಾವಿಯಲ್ಲಿ, ಇನ್ನೊಬ್ಬರು ನಾರಾಯಣಪುರ ಎಡದಂಡೆ ಕಾಲುವೆಯಲ್ಲಿ. ಆದ್ದರಿಂದ ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಸಾಕಿ ಬೇಸರವಾದ ಮೀನನ್ನು ಕೆರೆಗೆ ಬಿಡುವುದು ಪುಣ್ಯವಲ್ಲ. ಅದು ಕೆರೆಗೆ ಮಾಡುವ ದ್ರೋಹ.

ಅವನು ನನ್ನೊಡನೆ ವಾದಿಸಿದ. ವಾದಿಸುವುದನ್ನು ನಾನೇ ಕಲಿಸಿದ್ದೇನಾದ್ದರಿಂದ ಅದಕ್ಕೆ ಬೇಸರವಿಲ್ಲ. ಅವನ ಮೊದಲ ಆಧಾರ ಪುರಂದರದಾಸರು. ಕೆರೆಯಿಂದ ಮೊಗೆದದ್ದನ್ನು ಕೆರೆಗೇ ಅರ್ಪಿಸುವ ಅವರ ಮಾತು ನಮ್ಮೆಲ್ಲರ ನಾಲಿಗೆಯ ಮೇಲಿದೆ. ದಾಸರ ಮಾತಿನಲ್ಲಿ ದೋಷವಿಲ್ಲ. ದೋಷವಿರುವುದು ಈ ಮೀನು ಕೆರೆಯಿಂದ ಬಂದದ್ದೆಂಬ ನಂಬಿಕೆಯಲ್ಲಿ. ಅವನು 'ಟ್ಯಾಂಕ್ ಕ್ಲೀನರ್' ಎಂದು ಕರೆದ ಮೀನು ದಕ್ಷಿಣ ಅಮೆರಿಕದ್ದು. ವಿಜ್ಞಾನದಲ್ಲಿ ಅದರ ಕುಲದ ಹೆಸರು ಟೆರಿಗೊಪ್ಲಿಕ್ತಿಸ್. ನಮ್ಮಲ್ಲಿ ಸಕ್ಕರ್ ಮೀನು ಎನ್ನುತ್ತಾರೆ. ನಮ್ಮ ಅಂಗಡಿಗಳ ಗಪ್ಪಿಯ ಮೂಲ ನೆಲೆ ವೆನೆಜುವೆಲಾ ಮತ್ತು ಟ್ರಿನಿಡಾಡ್. ಕೆಂಪು ಚೆರ್ರಿ ಸೀಗಡಿಯ ಪೂರ್ವಜರು ತೈವಾನ್ ಮತ್ತು ಚೀನಾದ ಹೊಳೆಗಳವರು. ಇವೆಲ್ಲ ಚೆನ್ನೈನ ಕೊಳತ್ತೂರಿನಂಥ ಮೀನುಮಾರುಕಟ್ಟೆಗಳಿಂದ ಪ್ಲಾಸ್ಟಿಕ್ ಚೀಲಗಳಲ್ಲಿ ಆಮ್ಲಜನಕ ತುಂಬಿಸಿಕೊಂಡು ಬಸ್ಸಿನಲ್ಲಿ, ರೈಲಿನಲ್ಲಿ ನಮ್ಮೂರಿಗೆ ಬರುತ್ತವೆ. ಬೋನಾಳ ಕೆರೆಗೂ ಅವಕ್ಕೂ ಯಾವ ಋಣವೂ ಇಲ್ಲ. ಪರರ ಮನೆಯ ಸಾಮಾನನ್ನು ನಮ್ಮ ದೇವರ ಮನೆಯಲ್ಲಿ ಸುರಿದು ಬಂದು 'ಅರ್ಪಿಸಿದೆ' ಎಂದರೆ ದಾಸರು ಒಪ್ಪಿಯಾರೆ?

ಅವನ ಎರಡನೆಯ ಮಾತು: "ಅಷ್ಟು ದೊಡ್ಡ ಕೆರಿಗಿ ಎರಡು ಮೀನಿಂದ ಏನಾಗ್ತದ್ರಿ ಸರ್?"

ಈ ಪ್ರಶ್ನೆ ಎಷ್ಟು ಸಹಜವೋ ಅಷ್ಟೇ ಅಪಾಯದ್ದು. ಗಪ್ಪಿಯ ಹೆಣ್ಣು ಒಮ್ಮೆ ಗಂಡಿನೊಡನೆ ಕೂಡಿದರೆ ವೀರ್ಯವನ್ನು ತಿಂಗಳುಗಟ್ಟಲೆ ಒಡಲಲ್ಲಿ ಕಾದಿರಿಸಿಕೊಂಡು ಮತ್ತೆ ಮತ್ತೆ ಮರಿ ಹಾಕಬಲ್ಲದು; ಒಂದೇ ಒಂದು ಹೆಣ್ಣು ಒಂದು ಹೊಸ ನೀರಿನಲ್ಲಿ ಸಂತತಿಯನ್ನು ಸ್ಥಾಪಿಸಲು ಸಾಕು. ಇದಕ್ಕಿಂತ ಬೆರಗಿನ ಉದಾಹರಣೆಯೊಂದಿದೆ. 1990ರ ದಶಕದಲ್ಲಿ ಜರ್ಮನಿಯ ಅಕ್ವೇರಿಯಂ ಹವ್ಯಾಸಿಗಳ ತೊಟ್ಟಿಗಳಲ್ಲಿ ಅಮೃತಶಿಲೆಯಂಥ ಗೆರೆಗಳುಳ್ಳ ಒಂದು ಸಿಹಿನೀರಿನ ಕ್ರೇ ಮೀನು, ಅಂದರೆ ಏಡಿಗೂ ಸೀಗಡಿಗೂ ಬಂಧುವಾದ ಚಿಪ್ಪುಜೀವಿ, ಕಾಣಿಸಿಕೊಂಡಿತು. ಅವುಗಳಲ್ಲಿ ಗಂಡೇ ಇಲ್ಲ. ಎಲ್ಲವೂ ಹೆಣ್ಣು, ಪ್ರತಿಯೊಂದೂ ತನ್ನದೇ ಪಡಿಯಚ್ಚನ್ನು ನೂರಾರು ಸಂಖ್ಯೆಯಲ್ಲಿ ಹಡೆಯುತ್ತದೆ. ತೊಟ್ಟಿ ತುಂಬಿ ತುಳುಕಿದಾಗ ಹವ್ಯಾಸಿಗಳು ಮಾಡಿದ್ದೂ ನನ್ನ ಶಿಷ್ಯ ಮಾಡಿದ್ದನ್ನೇ. ಯೂರೋಪಿನ ಅನೇಕ ಕೆರೆಗಳಲ್ಲಿ ಅವು ಇಂದು ನೆಲೆಸಿವೆ. ಹೇಗೋ ಮಡಗಾಸ್ಕರ್ ದ್ವೀಪವನ್ನೂ ತಲುಪಿ ಅಲ್ಲಿನ ಭತ್ತದ ಗದ್ದೆಗಳವರೆಗೆ ಹಬ್ಬಿವೆ. ಅಲ್ಲಿಯೂ ಮೊದಲು ಯಾರೋ ಒಬ್ಬರು 'ಒಂದೆರಡರಿಂದ ಏನಾಗುತ್ತದೆ' ಎಂದುಕೊಂಡಿರಲೇಬೇಕು.

ಇನ್ನು ಆ ಸಕ್ಕರ್ ಮೀನಿನ ವಿಚಾರ. ತೊಟ್ಟಿಯಲ್ಲಿ ಗೇಣುದ್ದವಿದ್ದದ್ದು ಕೆರೆಯಲ್ಲಿ ಮೊಳದುದ್ದ ಬೆಳೆಯಬಲ್ಲದು. ಅದರ ಮೈಮೇಲೆ ಮೀನಿನ ಮೆತ್ತನೆಯ ಹುರುಪೆಯಿಲ್ಲ, ಮೂಳೆಯ ತಗಡುಗಳ ಕವಚವಿದೆ; ರೆಕ್ಕೆಗಳಿಗೆ ಗಟ್ಟಿ ಮುಳ್ಳುಗಳಿವೆ. ನೀರಿನಲ್ಲಿ ಆಮ್ಲಜನಕ ತಗ್ಗಿದರೆ ಮೇಲೆ ಬಂದು ಗಾಳಿಯನ್ನು ನುಂಗಿ ಬದುಕುತ್ತದೆ. ಹೀಗಾಗಿ ಬೇಸಿಗೆಯಲ್ಲಿ ಕೆರೆ ಬತ್ತಿ ನಮ್ಮ ಮೀನುಗಳು ಸಾಯುವಾಗಲೂ ಇದು ಉಳಿಯುತ್ತದೆ. ಮೊಟ್ಟೆಯಿಡಲು ದಂಡೆಯ ಮಣ್ಣಿನಲ್ಲಿ ಉದ್ದುದ್ದ ಬಿಲಗಳನ್ನು ಕೊರೆಯುತ್ತದೆ. ಅಮೆರಿಕದ ಫ್ಲೋರಿಡಾದಲ್ಲಿ, ಮೆಕ್ಸಿಕೋದಲ್ಲಿ ಈ ಬಿಲಗಳಿಂದ ದಂಡೆಗಳು ಕುಸಿದದ್ದನ್ನು ದಾಖಲಿಸಿದ್ದಾರೆ. ನಮ್ಮ ನೆರೆಯ ಆಂಧ್ರದ ಮೀನುಸಾಕಣೆಯ ಕೊಳಗಳಲ್ಲಿ ಸಾಕಿದ ಮೀನಿನ ಬದಲು ಇದೇ ಬಲೆ ತುಂಬ ಬಂದು, ಅದರ ಮುಳ್ಳಿಗೆ ಬಲೆಯೇ ಹರಿದು, ರೈತರು ತಲೆಯ ಮೇಲೆ ಕೈಹೊತ್ತಿದ್ದಾರೆ. ಪೋರ್ಟೊ ರಿಕೊ ದ್ವೀಪದಲ್ಲಿ ಹೆಜ್ಜಾರ್ಲೆಗಳು, ಅಂದರೆ ಪೆಲಿಕನ್ ಹಕ್ಕಿಗಳು, ಇದನ್ನು ನುಂಗಲು ಹೋಗಿ ಗಂಟಲಲ್ಲಿ ಮುಳ್ಳು ಸಿಕ್ಕು ಸತ್ತದ್ದುಂಟು.

ಈಗ ಬೋನಾಳವನ್ನು ನೆನೆಯಿರಿ. ಅದು ಏನು ಬರಿಯ ನೀರಿನ ಗುಂಡಿಯೆ? ಸುರಪುರದ ನಾಯಕ ಅರಸರ ಕಾಲದ ಕೆರೆ ಅದು. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಉಸ್ತುವಾರಿ ನೋಡಿಕೊಂಡಿದ್ದ ಮೆಡೋಸ್ ಟೇಲರ್, ಗುಡ್ಡದ ಮೇಲಿನ 'ಟೇಲರ್ ಮಂಜಿಲ್' ಕಟ್ಟಿಸಿದವನು, ಈ ಕೆರೆಯನ್ನು ದುರಸ್ತಿಗೊಳಿಸಿದ. ಇಂದು ಅದು ಪಕ್ಷಿಧಾಮ. ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಅಲ್ಲಿಗೆ ಬರುತ್ತವೆ. ಕೊಕ್ಕರೆಗಳು, ಬೆಳ್ಳಕ್ಕಿಗಳು, ಕೆನ್ನೀಲಿ ಬಕಗಳು ಅಲ್ಲಿ ಮೀನು ಹೆಕ್ಕುತ್ತವೆ. ನಿಮ್ಮಲ್ಲಿ ಎಷ್ಟು ಜನರನ್ನು ನಾನು ಬುತ್ತಿ ಕಟ್ಟಿಸಿಕೊಂಡು ಅಲ್ಲಿಗೆ ಕರೆದೊಯ್ದಿದ್ದೇನೆ! ಏರಿಯ ಮೇಲೆ ಸಾಲಾಗಿ ಕುಳಿತು ಚಪಾತಿ, ಶೇಂಗಾ ಹಿಂಡಿ ತಿಂದದ್ದು ನೆನಪಿದೆಯಲ್ಲವೆ? ಆ ಮಣ್ಣಿನ ಏರಿ, ಆ ಹಕ್ಕಿಗಳ ಗಂಟಲು, ಎರಡನ್ನೂ ಆ ಎರಡು ಮೀನುಗಳ ಪಕ್ಕದಲ್ಲಿಟ್ಟು ನೋಡಿ. ಆಮೇಲೆ ಪುಣ್ಯದ ಲೆಕ್ಕ ಹಾಕೋಣ.

ಮೂರನೆಯ ವಾದ ಗಟ್ಟಿಯಾದದ್ದು. "ಸರ್ಕಾರನೇ ಪರದೇಶದ ಮೀನು ಬಿಟ್ಟದ ಅಲ್ಲೇನ್ರಿ?" ಬಿಟ್ಟಿದೆ. ಸೊಳ್ಳೆಯ ಮರಿ ತಿನ್ನಲೆಂದು 1928ರಲ್ಲಿ ಗಂಬೂಸಿಯಾ ಭಾರತಕ್ಕೆ ಬಂತು. ಆಹಾರಕ್ಕೆಂದು 1952ರಲ್ಲಿ ತಿಲಾಪಿಯಾ ಬಂತು. ಸಾಮಾನ್ಯ ಗೆಂಡೆ, ಅಂದರೆ ಕಾಮನ್ ಕಾರ್ಪ್, ಅದಕ್ಕೂ ಮೊದಲೇ ಬಂದಿತ್ತು. ಚೆಂದದ ಹೂವಿಗೆಂದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಲಕುಂಬಿ ಬಂತು. ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳೆಂದು ವಿಜ್ಞಾನಿಗಳು ಮಾಡಿದ ಪಟ್ಟಿಯೊಂದಿದೆ. ಈ ನಾಲ್ಕೂ ಅದರಲ್ಲಿವೆ. ಬಿಟ್ಟವರೆಲ್ಲರ ಉದ್ದೇಶ ಒಳ್ಳೆಯದೇ ಆಗಿತ್ತು.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಬರಬೇಕು. 1980ರ ದಶಕದ ಕೊನೆಯಲ್ಲಿ, ಆಗಿನ ಗುಲಬರ್ಗಾ ಜಿಲ್ಲೆಗೆ ಸೇರಿದ್ದ ಸುರಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಹೊಸದಾಗಿ ಮೇಷ್ಟರಾಗಿದ್ದಾಗ, ಗಂಬೂಸಿಯಾ ತುಂಬಿದ ಕೊಡವನ್ನು ಹುಡುಗರ ಕೈಯಲ್ಲಿ ಹೊರಿಸಿಕೊಂಡು ಹೋಗಿ ಊರ ಮೆಟ್ಟಿಲುಬಾವಿಗೆ ನಾನೇ ಬಿಡಿಸಿದ್ದೆ. ಮಲೇರಿಯಾದ ಮೇಲೆ ಅರ್ಧ ಗಂಟೆ ಭಾಷಣವನ್ನೂ ಮಾಡಿದ್ದೆ. ಆ ಬಾವಿಯಲ್ಲಿ ಹಿಂದಿನಿಂದಲೂ ನೆತ್ತಿಯ ಮೇಲೆ ಬೆಳ್ಳಿಯ ಬೊಟ್ಟಿನಂತೆ ಹೊಳೆಯುವ ಸಣ್ಣ ಮೀನುಗಳು ಮೇಲ್ಮೈಯಲ್ಲಿ ತೇಲುತ್ತಿದ್ದವು. ಅವು ಅಪ್ಲೊಕೈಲಸ್ ಎಂಬ ನಮ್ಮದೇ ಜಾತಿ. ಸೊಳ್ಳೆಯ ಮರಿಗಳನ್ನು ತಿನ್ನುವುದರಲ್ಲಿ ನಿಪುಣ. ಅಂದರೆ ಮನೆಯಲ್ಲೇ ವೈದ್ಯನಿರುವಾಗ ನಾನು ಹೊರಗಿನಿಂದ ಇನ್ನೊಬ್ಬನನ್ನು ಕರೆತಂದಿದ್ದೆ. ಆ ಇನ್ನೊಬ್ಬ ಮೊಟ್ಟೆ, ಮರಿ, ಕಪ್ಪೆಯ ಗೊದಮೊಟ್ಟೆ ಯಾವುದನ್ನೂ ಬಿಡುವವನಲ್ಲ. ಮೂರು ವರ್ಷದ ಮೇಲೆ ನೋಡಿದಾಗ ಬೆಳ್ಳಿಯ ಬೊಟ್ಟುಗಳು ಇರಲಿಲ್ಲ. ಆಗ ಅದಕ್ಕೂ ಇದಕ್ಕೂ ಸಂಬಂಧವಿದೆಯೆಂಬುದು ನನಗೆ ಹೊಳೆಯಲೂ ಇಲ್ಲ. ಸರ್ಕಾರ ಮಾಡಿತು, ಮೇಷ್ಟರು ಮಾಡಿದರು ಎಂಬುದು ನೀವೂ ಮಾಡಲು ಕಾರಣವಾಗಲಾರದು. ಒಬ್ಬರು ಎಡವಿದ ಕಲ್ಲನ್ನು ಇನ್ನೊಬ್ಬರಿಗೆ ತೋರಿಸುವುದಕ್ಕೇ ಹಿರಿಯರಿರುವುದು.

ಆದರೆ ನನ್ನ ನಿಜವಾದ ಸಿಟ್ಟು ಬಕೀಟಿನ ಮೇಲಲ್ಲ, ಹುಟ್ಟುಹಬ್ಬದ ಆ ತೊಟ್ಟಿಯ ಮೇಲೆ. ತನ್ನ ತೊಟ್ಟಿಯನ್ನು ಅರ್ಥಮಾಡಿಕೊಂಡವನು ಮೀನನ್ನು ಕೆರೆಗೆ ಒಯ್ಯುವ ಸ್ಥಿತಿಗೆ ಬರುವುದೇ ಇಲ್ಲ. ಹತ್ತು ಮೀನು ಸತ್ತದ್ದು ಏಕೆ? "ನಮ್ಮ ನೀರಿಗೆ ಮೀನು ಬದುಕಂಗಿಲ್ರಿ" ಎಂದು ಅವನು ಹೇಳಿದ. ಕೃಷ್ಣಾ, ಭೀಮಾ ಎರಡು ನದಿಗಳ ನಡುವೆ ಕುಳಿತು ಈ ಮಾತಾಡಲು ಧೈರ್ಯ ಬೇಕು.

ಸಾರಜನಕ ಚಕ್ರವನ್ನು ಮೂವತ್ತು ವರ್ಷ ನಿಮಗೆ ಕಲಿಸಿದೆ. ಕಪ್ಪು ಹಲಗೆಯ ಮೇಲೆ ಬಾಣದ ಗುರುತುಗಳನ್ನು ಹಾಕಿ, ಅಮೋನಿಯಾದಿಂದ ನೈಟ್ರೈಟ್, ನೈಟ್ರೈಟಿನಿಂದ ನೈಟ್ರೇಟ್ ಎಂದು ಬರೆಸಿ, ನಾಲ್ಕು ಅಂಕದ ಪ್ರಶ್ನೆ ಕೊಟ್ಟು ಮುಗಿಸಿದೆ. ಬಾಣಗಳಾಚೆ ಅದು ಏನೆಂಬುದು ನನಗೇ ತಿಳಿದದ್ದು ನಿವೃತ್ತನಾದ ಮೇಲೆ, ಪಡಸಾಲೆಯ ಮೂಲೆಯಲ್ಲಿ ಎರಡಡಿಯ ಒಂದು ತೊಟ್ಟಿ ಇಟ್ಟುಕೊಂಡಾಗ. ಮೀನಿನ ಕಿವಿರಿನಿಂದ, ಹೇಲಿನಿಂದ, ತಿನ್ನದೆ ಉಳಿದ ಕಾಳಿನಿಂದ ನೀರಿಗೆ ಅಮೋನಿಯಾ ಸೇರುತ್ತದೆ. ಅದನ್ನು ತಿಂದು ಮುಗಿಸುವ ಬ್ಯಾಕ್ಟೀರಿಯಾಗಳು ಹೊಸ ತೊಟ್ಟಿಯಲ್ಲಿ ಇರುವುದಿಲ್ಲ. ಮರಳಿನಲ್ಲಿ, ಸ್ಪಂಜಿನಲ್ಲಿ, ಎಲೆಗಳ ಮೇಲೆ ಅವು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಅಂಗಡಿಯಿಂದ ತಂದ ಸಂಜೆಯೇ ಮೀನು ಬಿಟ್ಟರೆ ಅವು ತಮ್ಮದೇ ಮೂತ್ರದಲ್ಲಿ ಮುಳುಗಿ ಸಾಯುತ್ತವೆ. ನಮ್ಮ ಕಡೆ ಇದು ಇನ್ನೂ ಕಠಿಣ. ಕೊಳವೆಬಾವಿಯ ಗಡಸು ನೀರು ಕ್ಷಾರೀಯವಾದದ್ದು. ಪಿಎಚ್ 7ರಿಂದ 8ಕ್ಕೆ ಏರಿದರೆ ಅಮೋನಿಯಾದ ವಿಷಕಾರಿ ರೂಪ ಹೆಚ್ಚುಕಡಿಮೆ ಹತ್ತು ಪಟ್ಟಾಗುತ್ತದೆ, ಬಿಸಿಲು ಏರಿದಂತೆ ಮತ್ತೂ ಹೆಚ್ಚುತ್ತದೆ. ನೀರು ಕೆಟ್ಟದ್ದಲ್ಲ, ನೀರಿಗೆ ನಾವು ಸಮಯ ಕೊಡಲಿಲ್ಲ. ಮಗುವಿನ ಕೈಗೆ ಮೊದಲು ಮೀನು ಕೊಡಬೇಡಿ, ನೀರು ಕೊಡಿ ಎಂದು ನಾನು ಹೇಳುವುದು ಇದಕ್ಕೇ.

ಹೇಗೆ ಕೊಡುವುದು? ಹತ್ತನೆಯ ತರಗತಿಯ ದ್ಯುತಿಸಂಶ್ಲೇಷಣೆಯ ಪ್ರಯೋಗ ನೆನಪಿಸಿಕೊಳ್ಳಿ. ಬೀಕರಿನಲ್ಲಿ ಹೈಡ್ರಿಲ್ಲಾ, ಅದರ ಮೇಲೆ ಬೋರಲು ಹಾಕಿದ ಆಲಿಕೆ, ಆಲಿಕೆಯ ಮೇಲೆ ನೀರು ತುಂಬಿದ ಪ್ರನಾಳ. ಬಿಸಿಲಿಗಿಟ್ಟರೆ ಗುಳ್ಳೆ ಗುಳ್ಳೆಯಾಗಿ ಆಮ್ಲಜನಕ. ಆ ಗಿಡಕ್ಕಾಗಿ ಪ್ರತಿವರ್ಷ ಇಬ್ಬರು ಹುಡುಗರನ್ನು ಕಾಲುವೆಗೆ ಅಟ್ಟುತ್ತಿದ್ದೆ. ಅವರು ಗಿಡಕ್ಕಿಂತ ಹೆಚ್ಚಾಗಿ ತಾವೇ ನೆನೆದು ಬರುತ್ತಿದ್ದರು. ಅದೇ ಹೈಡ್ರಿಲ್ಲಾ, ಅದರ ಜೊತೆ ಪಟ್ಟಿಯಂಥ ಎಲೆಯ ವ್ಯಾಲಿಸ್ನೇರಿಯಾ, ಇವೆರಡೂ ನಮ್ಮ ನೆಲದ ಗಿಡಗಳು. ಒಂದು ಸಣ್ಣ ತೊಟ್ಟಿಗೆ ಬೇರೆ ಬೇಕಿಲ್ಲ. ಪಕ್ಷಿಧಾಮದೊಳಗಿಂದ ಮಾತ್ರ ಒಂದು ಎಲೆಯನ್ನೂ ಕೀಳಬೇಡಿ. ಕಾಲುವೆಯಿಂದ ತಂದರೆ ಎರಡು ವಾರ ಬೇರೆ ಪಾತ್ರೆಯಲ್ಲಿ, ನೀರು ಬದಲಿಸುತ್ತ ಇಡಿ. ಅಕ್ಕಪಕ್ಕದ ಗದ್ದೆಗಳಿಗೆ ಸಿಂಪಡಿಸಿದ ಕೀಟನಾಶಕ ಅದರಲ್ಲಿ ಲವಲೇಶವಿದ್ದರೂ ಸೀಗಡಿ ಉಳಿಯದು.

ಇಲ್ಲೊಂದು ಸಣ್ಣ ಕಥೆ ಹೇಳದೆ ಮುಂದೆ ಹೋಗಲಾರೆ. ರಾಬರ್ಟ್ ವಾರಿಂಗ್ಟನ್ ಎಂಬ ಲಂಡನ್ನಿನ ರಸಾಯನಶಾಸ್ತ್ರಜ್ಞ ಸುಮಾರು 12 ಗ್ಯಾಲನ್ ಹಿಡಿಯುವ ಪಾತ್ರೆಯಲ್ಲಿ ಎರಡು ಚಿನ್ನದ ಮೀನುಗಳನ್ನೂ ವ್ಯಾಲಿಸ್ನೇರಿಯಾ ಗಿಡವನ್ನೂ ಇಟ್ಟು, ನೀರು ಬದಲಿಸದೆ ಎರಡೂ ಬದುಕುವುದನ್ನು ತೋರಿಸಿ 1850ರಲ್ಲಿ ಪ್ರಕಟಿಸಿದ. ಗಿಡದ ಎಲೆ ಕೊಳೆತು ಲೋಳೆಗಟ್ಟಿದಾಗ ಅದನ್ನು ತಿನ್ನಲು ಕೆರೆಯ ಬಸವನಹುಳುಗಳನ್ನು ಸೇರಿಸಿದ, ವ್ಯವಸ್ಥೆ ಸರಿಹೋಯಿತು. ಟೇಲರ್ ಸುರಪುರದಲ್ಲಿದ್ದ ವರ್ಷಗಳೇ ಅವು. ಅಲ್ಲಿ ಒಬ್ಬ ಗಾಜಿನ ಪೆಟ್ಟಿಗೆಯಲ್ಲಿ ಕೆರೆಯೊಂದನ್ನು ಕಟ್ಟಲು ಒದ್ದಾಡುತ್ತಿದ್ದಾಗ ಇಲ್ಲಿ ನಿಜವಾದ ಕೆರೆ ಹಕ್ಕಿಗಳೊಡನೆ ಹಾಯಾಗಿತ್ತು. ಮೀನು, ಗಿಡ, ಕೊಳೆತದ್ದನ್ನು ತಿನ್ನುವ ಜೀವ, ಈ ಮೂರರ ಲೆಕ್ಕ ಅಂದಿನಿಂದ ಬದಲಾಗಿಲ್ಲ. ಬದಲಾದದ್ದು ಅದರ ಬೆಲೆ.

ನಮ್ಮ ಬೆಂಗಳೂರಿನ ಶಿಷ್ಯರು ಕಳುಹಿಸುವ ಚಿತ್ರಗಳನ್ನು ನೋಡಿದ್ದೇನೆ. ನೀರೊಳಗೆ ಬೆಟ್ಟ, ಕಣಿವೆ, ಹುಲ್ಲುಗಾವಲು! ಜಪಾನಿನ ತಕಾಶಿ ಅಮಾನೊ (1954–2015) ಈ ಕಲೆಯ ಗುರು. ಪಾಚಿ ತಿನ್ನಲು ಸೀಗಡಿಗಳನ್ನು ತೊಟ್ಟಿಗೆ ಇಳಿಸುವ ಪದ್ಧತಿಯನ್ನು ಬಳಕೆಗೆ ತಂದವನೂ ಅವನೇ. ಅವನ ಕೆಲಸದ ಮುಂದೆ ನಾನು ತಲೆಬಾಗುತ್ತೇನೆ. ಆದರೆ ಅವನ ಹೆಸರಿನಲ್ಲಿ ಜಪಾನಿನ ಕಲ್ಲು, ಜಪಾನಿನ ಮಣ್ಣು, ಇಂಗಾಲದ ಡೈಆಕ್ಸೈಡಿನ ಸಿಲಿಂಡರು ಎಂದು ಸಾವಿರಾರು ರೂಪಾಯಿ ಸುರಿಯುವವರಿಗೆ ಹೇಳುವುದೊಂದಿದೆ. ಅವನು ತನ್ನ ನಾಡಿನ ಕಲ್ಲನ್ನು ನೋಡಿ ಕಲಿತ. ನಾವು ನಮ್ಮ ನಾಡಿನದನ್ನು ನೋಡಬಾರದೆ? ನನ್ನ ತೊಟ್ಟಿಯಲ್ಲಿರುವುದು ಶಹಾಪುರದ ಗುಡ್ಡದ ಬುಡದಲ್ಲಿ ಬಿದ್ದಿದ್ದ ಐದು ಗ್ರಾನೈಟ್ ಚೂರುಗಳು. ಹಣೆ, ಮೂಗು, ಗಲ್ಲ, ಎದೆ ಎಂದು ಅವನ್ನು ಜೋಡಿಸಲು ನನಗೆ ಎರಡು ದಿನ ಹಿಡಿಯಿತು. ಊರಿನವರು ಯಾರೇ ಬರಲಿ, ನಾನು ಹೇಳುವ ಮೊದಲೇ "ಇದು ನಮ್ಮ ಮಲಗಿದ ಬುದ್ಧ ಅಲ್ಲೇನ್ರಿ!" ಎನ್ನುತ್ತಾರೆ. ಹಿಂದೆ ವ್ಯಾಲಿಸ್ನೇರಿಯಾದ ಎತ್ತರದ ಪರದೆ, ಮುಂದೆ ಬರಿಯ ಮರಳು. ಆ ಮರಳನ್ನು ಖಾಲಿ ಬಿಡುವುದೇ ಕಷ್ಟದ ಕೆಲಸ. ಏನಾದರೂ ತುಂಬಬೇಕೆಂದು ಕೈ ತುರಿಸುತ್ತದೆ.

ಕಲ್ಲಿನ ವಿಷಯದಲ್ಲಿ ಒಂದು ಎಚ್ಚರ. ಶಹಾಬಾದ್ ಫರಸಿಯ ತುಂಡುಗಳು ಪ್ರತಿ ಮನೆಯ ಹಿತ್ತಲಲ್ಲೂ ಬಿದ್ದಿರುತ್ತವೆ, ಚೆಂದವೂ ಇವೆ. ಆದರೆ ಅದು ಸುಣ್ಣದ ಕಲ್ಲು. ಮೊದಲೇ ಗಡಸಾದ ನೀರನ್ನು ಇನ್ನಷ್ಟು ಗಡಸು ಮಾಡುತ್ತದೆ. ಅನುಮಾನ ಬಂದರೆ ಕಲ್ಲಿನ ಮೇಲೆ ನಿಂಬೆರಸ ಹಿಂಡಿ ನೋಡಿ, ನೊರೆಯೆದ್ದರೆ ಸುಣ್ಣ. ಪ್ರಯೋಗಾಲಯದಲ್ಲಿ ಹೈಡ್ರೋಕ್ಲೋರಿಕ್ ಆಮ್ಲದಿಂದ ಮಾಡಿದ್ದೇ ಇದು. ತಳಕ್ಕೆ ಒಂದು ಬೆರಳಷ್ಟು ತೋಟದ ಮಣ್ಣು, ಅದರ ಮೇಲೆ ಎರಡು ಬೆರಳು ತೊಳೆದ ಮರಳು. ಡಯಾನಾ ವಾಲ್‌ಸ್ಟಡ್ ಎಂಬ ಅಮೆರಿಕದ ಹೆಣ್ಣುಮಗಳು 1999ರಲ್ಲಿ ಪುಸ್ತಕ ಬರೆದು ಜನಪ್ರಿಯಗೊಳಿಸಿದ ವಿಧಾನವಿದು, ಸಿಲಿಂಡರು ಬೇಕಿಲ್ಲ. ನಮ್ಮ ಎರೆಮಣ್ಣು ಮಾತ್ರ ಬೇಡ, ಅದು ಉಬ್ಬಿ ಕದಡಿ ರಾಡಿಯಾಗುತ್ತದೆ. ಗುಡ್ಡದ ಕಡೆಯ ಕೆಂಪು ಮಸಾರಿ ಮಣ್ಣು ಮೇಲು.

ನೀರು ಆವಿಯಾದಾಗ ಲವಣಗಳು ಆವಿಯಾಗುವುದಿಲ್ಲ, ತೊಟ್ಟಿಯಲ್ಲೇ ಉಳಿಯುತ್ತವೆ. ಆದ್ದರಿಂದ ಕಡಿಮೆಯಾದಷ್ಟು ನೀರನ್ನು ಊರಿನ ಶುದ್ಧ ನೀರಿನ ಘಟಕದ ನೀರಿನಿಂದ ತುಂಬಿ, ಕೊಳವೆಬಾವಿಯದರಿಂದಲ್ಲ. ನಮ್ಮ ಮನೆಗಳಲ್ಲಿ ತಾಮ್ರದ ಕೊಡದಲ್ಲಿ ರಾತ್ರಿ ಇಟ್ಟ ನೀರನ್ನು ಶ್ರೇಷ್ಠವೆಂದು ಕುಡಿಯುತ್ತೇವೆ. ಸೀಗಡಿಗೆ ಅದು ವಿಷ. ಅಲ್ಪ ತಾಮ್ರವನ್ನೂ ಅದರ ದೇಹ ತಾಳದು. ನನ್ನ ಮೊದಲ ಎಂಟು ಸೀಗಡಿಗಳು ಹಾಗೆಯೇ ಹೋದವು. ಮನೆಯಾಕೆ ಪ್ರೀತಿಯಿಂದ ಕೊಡದ ನೀರು ಸುರಿದಿದ್ದಳು. ನಾನು ಹೇಳಿರಲಿಲ್ಲ, ತಪ್ಪು ನನ್ನದು.

ಸೀಗಡಿ ಒಂದು ಅದ್ಭುತ ಜೀವಿ. ದಿನವಿಡೀ ಎಲೆಗಳ ಮೇಲಿನ ಪಾಚಿಯನ್ನು ಪುಟ್ಟ ಕೈಗಳಿಂದ ಹೆಕ್ಕಿ ತಿನ್ನುತ್ತಲೇ ಇರುತ್ತದೆ, ನಮ್ಮ ಅಜ್ಜಿಯರು ಅಕ್ಕಿ ಆರಿಸುವ ಹಾಗೆ. ಪೊರೆ ಕಳಚಿದ ಮೇಲೆ ಹೊಸ ಚಿಪ್ಪು ಗಟ್ಟಿಯಾಗುವವರೆಗೆ ಕಲ್ಲಿನ ಸಂದಿಯಲ್ಲಿ ಅಡಗುತ್ತದೆ. ಹೆಣ್ಣು ಮೊಟ್ಟೆಗಳನ್ನು ಹೊಟ್ಟೆಯಡಿ ಹೊತ್ತು ಮೂರು ನಾಲ್ಕು ವಾರ ಗಾಳಿ ಬೀಸುತ್ತಿರುತ್ತದೆ. ಅವಕ್ಕೆ ಮರೆಯಾಗಿಯೂ ಮೇವಾಗಿಯೂ ಒಣಗಿದ ಬಾದಾಮಿ ಎಲೆ ಶ್ರೇಷ್ಠ. ಶಾಲೆಯ ಅಂಗಳದಲ್ಲಿ ನಿಮ್ಮ ಕೈಯಲ್ಲಿ ಗುಡಿಸಿ ಸುಡಿಸುತ್ತಿದ್ದೆನಲ್ಲ, ಅದೇ ಎಲೆ. ಇಂದು ಅದನ್ನು ಹತ್ತರ ಕಟ್ಟು ಮಾಡಿ ಆನ್‌ಲೈನ್‌ನಲ್ಲಿ ಮಾರುತ್ತಾರೆ. ಸುಟ್ಟ ಸಂಪತ್ತಿಗೆ ನನ್ನನ್ನು ಕ್ಷಮಿಸಿ. ಆದರೆ ಕೆಂಪು ಚೆರ್ರಿ ಸೀಗಡಿಗೆ 30 ಡಿಗ್ರಿ ದಾಟಿದರೆ ಸಂಕಟ, ನಮ್ಮಲ್ಲಿ ಮೇ ತಿಂಗಳಲ್ಲಿ 42 ದಾಟುತ್ತದೆ. ಮುಚ್ಚಳ ತೆಗೆದು ನೀರಿನ ಮೇಲೆ ಸಣ್ಣ ಫ್ಯಾನು ಬೀಸಿದರೆ ಮೂರು ನಾಲ್ಕು ಡಿಗ್ರಿ ಇಳಿದೀತು, ಹೂಜಿಯ ನೀರು ತಣ್ಣಗಾಗುವ ತತ್ವವೇ. ಕರೆಂಟು ಹೋದ ಮಧ್ಯಾಹ್ನ ನೀವು ಮನೆಯಲ್ಲಿರುವುದಿಲ್ಲವಾದರೆ ಸೀಗಡಿಯ ಆಸೆ ಬಿಡಿ. ಜೀಬ್ರಾ ಮೀನು ಸಾಕಿ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ, ನೀಲಿ ಪಟ್ಟೆಯ, ಒಂದೂವರೆ ಅಂಗುಲದ ಈ ಮೀನನ್ನು ಜಗತ್ತಿನ ಸಾವಿರಾರು ಪ್ರಯೋಗಾಲಯಗಳಲ್ಲಿ ಸಾಕುತ್ತಾರೆ, ಹೃದಯ ಹೇಗೆ ರೂಪುಗೊಳ್ಳುತ್ತದೆಂದು ನೋಡುತ್ತಾರೆ. ಅದು ಭಾರತದ ಮೀನು. 1822ರಲ್ಲಿ ಹ್ಯಾಮಿಲ್ಟನ್ ವರ್ಣಿಸಿದ್ದು. ಎರಡಡಿಯ ತೊಟ್ಟಿಗೆ ಎಂಟು ಸಾಕು.

ನನ್ನ ಹಿರಿಯ ಬಂಧುವೊಬ್ಬರು ಬೇರೆಯದೇ ಆಕ್ಷೇಪ ಎತ್ತಿದ್ದಾರೆ. ಫ್ಲೋರೈಡ್ ನೀರು ಕುಡಿದು ಮಕ್ಕಳ ಹಲ್ಲು ಕಂದಾದ ಜಿಲ್ಲೆ ನಮ್ಮದು, ಇಲ್ಲಿ ಮೀನಿಗೆ ಶುದ್ಧ ನೀರೇ ಎಂದು. ಅವರ ಮಾತಿಗೆ ನಾನು ನಗಲಾರೆ. ಅಂಥ ಹಳ್ಳಿಗಳಲ್ಲಿ ಪಾಠ ಮಾಡಿದ್ದೇನೆ. ಆದರೂ ಲೆಕ್ಕ ಹೇಳುತ್ತೇನೆ: 60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರದ ತೊಟ್ಟಿಗೆ 54 ಲೀಟರ್. ವಾರಕ್ಕೊಮ್ಮೆ ತೆಗೆಯುವ ಅರ್ಧ ಬಕೀಟು ನೀರು ದಾಸವಾಳದ ಬುಡಕ್ಕೆ ಹೋಗುತ್ತದೆ, ನೈಟ್ರೇಟ್ ಗೊಬ್ಬರದ ಸಮೇತ. ಬೈಕು ತೊಳೆಯುವವರು ಇಷ್ಟನ್ನು ಒಂದೇ ಸಲ ಚರಂಡಿಗೆ ಬಿಡುತ್ತಾರೆ. ಮತ್ತು ನೀರಿನಲ್ಲಿ ಕಣ್ಣಿಗೆ ಕಾಣದ್ದು ಏನೇನಿದೆ ಎಂದು ಹತ್ತನೆಯ ವಯಸ್ಸಿನಲ್ಲಿ ಪರೀಕ್ಷಿಸಿ ಕಲಿತ ಮಗು ನಾಳೆ ತನ್ನ ಊರಿನ ನಳದ ನೀರಿನ ಬಗ್ಗೆ ಪ್ರಶ್ನೆ ಕೇಳದೆ ಇರುತ್ತದೆಯೆ?

ಕೊನೆಯದಾಗಿ ಆ ಬಕೀಟು. ಇಷ್ಟೆಲ್ಲ ಆದ ಮೇಲೂ ಮೀನು ಹೆಚ್ಚಾದರೆ, ದೊಡ್ಡದಾದರೆ, ನಿಮಗೆ ವರ್ಗವಾದರೆ ಏನು ಮಾಡಬೇಕು? ಮೊದಲು ಕೊಂಡ ಅಂಗಡಿಗೇ ಮರಳಿ ಕೊಡಿ. ಹಣ ಕೇಳಬೇಡಿ, ಅವನು ಬೇಡ ಎನ್ನಲಾರ. ಸಾಕುವ ಇನ್ನೊಬ್ಬರಿಗೆ ಕೊಡಿ. ಯಾರೂ ಸಿಗದಿದ್ದರೆ ನನಗೆ ತಂದುಕೊಡಿ. ಪಡಸಾಲೆಯಲ್ಲಿ ಈಗ ಮೂರು ತೊಟ್ಟಿಗಳಿವೆ, ಮನೆಯಾಕೆಯ ವಿರೋಧದ ನಡುವೆ ನಾಲ್ಕನೆಯದಕ್ಕೆ ಜಾಗ ಹುಡುಕುತ್ತಿದ್ದೇನೆ. ಗುಣವಾಗದ ರೋಗ ಬಂದರೆ ಲವಂಗದ ಎಣ್ಣೆ ಬೆರೆಸಿದ ನೀರಿನಲ್ಲಿ ಮೀನು ಪ್ರಜ್ಞೆ ತಪ್ಪಿ ನೋವಿಲ್ಲದೆ ಸಾಯುತ್ತದೆ. "ಕೊಲ್ಲುವುದು ಪಾಪ ಅಲ್ಲೇನ್ರಿ ಸರ್" ಎಂದು ನೀವು ಕೇಳುವುದು ನನಗೆ ಇಲ್ಲಿಂದಲೇ ಕೇಳಿಸುತ್ತಿದೆ. ಪಾಪವೇ. ಆದರೆ ಅದು ನಿಮ್ಮ ಕಣ್ಣೆದುರಿನ, ನಿಮ್ಮ ಲೆಕ್ಕಕ್ಕೆ ಸೇರುವ ಪಾಪ. ಕೆರೆಗೆ ಬಿಟ್ಟಾಗ ಸಾಯುವವು ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ. ನೀವು ಕೈ ಬೀಸಿ ಕಾರು ಹತ್ತಿರುತ್ತೀರಿ. ತೊಟ್ಟಿಯ ನೀರನ್ನೂ ಗಿಡದ ತುಣುಕುಗಳನ್ನೂ ಕಾಲುವೆಗೆ ಚೆಲ್ಲಬೇಡಿ, ರೋಗಾಣುಗಳು ಅದರಲ್ಲೇ ಹೋಗುತ್ತವೆ. ನೀರು ಗಿಡದ ಬುಡಕ್ಕೆ, ಕತ್ತರಿಸಿದ ಎಲೆ ಬಿಸಿಲಿಗೆ.

ಶಿಷ್ಯ ಇನ್ನೂ ನನಗೆ ಫೋನ್ ಮಾಡಿಲ್ಲ. ಅವನ ಮಗಳು ಮಾತ್ರ ಮೊನ್ನೆ ಅಮ್ಮನ ಫೋನಿನಿಂದ ಮಾತಾಡಿದಳು. "ಮುತ್ಯಾ, ನಮ್ಮ ಮೀನು ಈಗ ಎಷ್ಟು ದೊಡ್ಡದಾಗಿರ್ತಾವ?" ಎಂದು ಕೇಳಿದಳು. ಮಗುವಿಗೆ ಸುಳ್ಳು ಹೇಳಲಾಗದೆ ಸ್ಕೇಲ್ ತರಿಸಿ, ಈಗ ಇಷ್ಟು, ಬರುವ ವರ್ಷ ಇಷ್ಟು ಎಂದು ಅಳೆಯಿಸಿದೆ. ಆಮೇಲೆ ಅವಳಪ್ಪ ಕಳುಹಿಸಿದ್ದ ಫೋಟೊವನ್ನು ಕೆರೆಯ ಆಸುಪಾಸಿನ ಒಬ್ಬ ಮೀನುಗಾರರಿಗೆ ತೋರಿಸಿ, ಬಲೆಗೆ ಬಿದ್ದರೆ ದಯವಿಟ್ಟು ತಿರುಗಿ ನೀರಿಗೆ ಬಿಡಬೇಡಿರಿ, ನನಗೆ ತಿಳಿಸಿರಿ ಎಂದು ಹೇಳಿ ಬಂದಿದ್ದೇನೆ. ಇನ್ನೂ ಸಿಕ್ಕಿಲ್ಲ.